ಸಂಜೆ ಐದರ ಮೇಲೆ ನಾವು ಎಲ್ಲಿಗೆ ಹೋಗಬೇಕು?

ಜನವರಿ 12 ಬಂತೆಂದರೆ ನಮ್ಮನ್ನು ಸಾಲಾಗಿ ಕೂರಿಸುತ್ತಾರೆ. ಅದು ಯುವ ದಿನ. 1985ರಿಂದ ಈ ದೇಶ ಆಚರಿಸಿಕೊಂಡು ಬಂದಿದೆ. ಶಾಮಿಯಾನ ಕಟ್ಟುವವರು ನಾವು, ಕುರ್ಚಿ ಹೊರುವವರು ನಾವು, ಕೊನೆಗೆ ಬೈಸಿಕೊಳ್ಳುವವರೂ ನಾವೇ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ನಡೆದ ಅಂಥದೊಂದು ಸಭೆಯಲ್ಲಿ ಮುಖ್ಯ ಅತಿಥಿಗಳು ಒಂದು ಗಂಟೆ ಮಾತಾಡಿದರು. ಯುವಜನತೆ ದಾರಿ ತಪ್ಪಿದೆ ಎಂದರು. ಮೊಬೈಲು ಎಂದರು, ಗುಟ್ಕಾ ಎಂದರು, ಕುಡಿತ ಎಂದರು. ದೇಹ ಗಟ್ಟಿ ಮಾಡ್ಕೊಳ್ಳಿ, ಮನಸ್ಸು ಶುದ್ಧ ಇಟ್ಕೊಳ್ಳಿ ಎಂದರು. ಚಪ್ಪಾಳೆ ಬಿತ್ತು.

ಆಗ ಹಿಂದಿನ ಸಾಲಿನಲ್ಲಿದ್ದ ನಮ್ಮಲ್ಲೊಬ್ಬ ಎದ್ದು ನಿಂತ. 'ಸಾರ್, ಒಂದ್ ಪ್ರಶ್ನೆ. ಸಂಜೆ ಐದು ಗಂಟೆ ಮೇಲೆ ನಾವು ಎಲ್ಲಿಗ್ ಹೋಗ್ಬೇಕು?'

ಅತಿಥಿಗಳಿಗೆ ಅರ್ಥವಾಗಲಿಲ್ಲ. 'ಎಲ್ಲಿಗೆ ಅಂದ್ರೆ? ಮನೆಗ್ ಹೋಗಪ್ಪ. ಹೋಗಿ ಓದ್ಕೊ' ಎಂದರು. ಶಾಮಿಯಾನದ ತುಂಬ ನಗು. ನಾವೂ ನಕ್ಕೆವು. ಬಸ್‌ಸ್ಟ್ಯಾಂಡಿಗೆ ನಡೆದು ಬರುವ ಹೊತ್ತಿಗೆ ಆ ನಗು ಬಾಯಲ್ಲಿ ಕಹಿಯಾಗಿತ್ತು. ಆ ಪ್ರಶ್ನೆಯಲ್ಲಿ ನಗುವಂಥದ್ದು ಏನಿತ್ತು? ಅದನ್ನೇ ಇಲ್ಲಿ ಇನ್ನೊಂದು ಸಲ, ಗಟ್ಟಿಯಾಗಿ ಕೇಳುತ್ತಿದ್ದೇವೆ.

ಮನೆಗೆ ಹೋಗು ಎಂದವರ ಮನೆ ಹೇಗಿರುತ್ತದೆಂದು ನಮಗೆ ಗೊತ್ತು. ಅಂಥ ಮನೆಗಳಿಗೆ ನಾವು ಇಟ್ಟಿಗೆ ಹೊತ್ತಿದ್ದೇವೆ, ಸುಣ್ಣ ಬಳಿದಿದ್ದೇವೆ. ಮಗನಿಗೊಂದು ರೂಮು, ಮಗಳಿಗೊಂದು ರೂಮು, ದೇವರಿಗೊಂದು ರೂಮು, ಕಾರಿಗೂ ಒಂದು ರೂಮು. ನಮ್ಮ ಮನೆ ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲ. ಸರ್ಕಾರ ಕಟ್ಟಿಸಿಕೊಟ್ಟ ಮನೆ, ಒಂದು ಪಡಸಾಲೆ, ಒಂದು ಅಡುಗೆ ಮೂಲೆ. ಅದರಲ್ಲೇ ಕೆಮ್ಮುವ ಅಜ್ಜಿ, ಒಲೆ ಊದುವ ಅವ್ವ, ಗಾರೆ ಕೆಲಸ ಮುಗಿಸಿ ಬಂದು ಗೋಡೆಗೊರಗಿದ ಅಪ್ಪ, ಮದುವೆಯಾಗಿ ಹೆರಿಗೆಗೆ ಬಂದ ಅಕ್ಕ, ಮಳೆಗಾಲವಾದರೆ ಎರಡು ಆಡುಮರಿ. ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆಗೆದರೆ ಲೈಟು ಅಪ್ಪನ ಮುಖದ ಮೇಲೆ ಬೀಳುತ್ತದೆ. 'ಲೈಟ್ ಆರಿಸ್ಲಾ, ಬೆಳಗಾಗೆದ್ದು ಕೆಲ್ಸಕ್ ಹೋಗ್ಬೇಕು' ಅನ್ನುತ್ತಾನೆ. ಅವನ ತಪ್ಪಲ್ಲ. ದುಡಿದ ದೇಹಕ್ಕೆ ಕತ್ತಲೆ ಬೇಕು, ಓದುವ ಕಣ್ಣಿಗೆ ಬೆಳಕು ಬೇಕು. ಇರುವುದು ಒಂದೇ ಕೋಣೆ.

ಸರಿ, ಮನೆ ಬಿಟ್ಟು ಹೊರಗೆ ಬಂದೆವು. ಊರೊಳಗೆ ಎಲ್ಲಿ ಕೂರೋಣ? ಅರಳೀಕಟ್ಟೆ ಇದೆ. ಕಲ್ಲು ಹಾಸಿದ ಕಟ್ಟೆ, ತಣ್ಣನೆ ನೆರಳು. ನಾವು ಹೋದರೆ ಅಲ್ಲಿ ಕೂತವರು ಏನೂ ಅನ್ನುವುದಿಲ್ಲ. ಕಾಲ ಬದಲಾಗಿದೆಯಲ್ಲ! ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ, ಅಷ್ಟೇ. ಮಾತು ನಿಂತ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂರುತ್ತೀರಿ? ಹೋಟೆಲ್ಲಿದೆ. ಅಲ್ಲೀಗ ನಮಗೆ ಬೇರೆ ಲೋಟ ಇಲ್ಲ. ಪೇಪರ್ ಲೋಟ ಬಂದು ಎಲ್ಲರ ಮಾನ ಕಾಪಾಡಿದೆ. ಕುಡಿದು ಬಿಸಾಕಿದರೆ ಯಾರು ಮುಟ್ಟಿದ್ದೆಂದು ಯಾರು ಕೇಳುತ್ತಾರೆ? ಆದರೆ ಕುಡಿದಾದ ಮೇಲೂ ಬೆಂಚಿನ ಮೇಲೆ ಕೂತಿದ್ದರೆ ಕಣ್ಣು ಬೀಳುತ್ತವೆ. ದೇವಸ್ಥಾನದ ಅಂಗಳದ ಕತೆ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಸ್ಕೂಲಿನ ಬಯಲಿದೆ, ಗೇಟಿಗೆ ಬೀಗ ಇದೆ.

ಹುಡುಗರ ಪಾಡು ಇದಾದರೆ ಹುಡುಗಿಯರ ಮಾತೇನು? ನಮ್ಮ ಅಕ್ಕತಂಗಿಯರಿಗೆ ಸಂಜೆ ಐದರ ಮೇಲೆ ಇಡೀ ಊರಿನಲ್ಲಿ ಇರುವ ಜಾಗ ಎರಡೇ: ಒಲೆ ಮುಂದೆ, ನಲ್ಲಿ ಮುಂದೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಬಿಟ್ಟಿಯಾಯಿತು. ಒಳ್ಳೆಯದೇ ಆಯಿತು. ಟಿಕೆಟ್ಟಿಗೆ ಕಾಸಿಲ್ಲದೆ ಕಾಲೇಜು ಬಿಡಬೇಕಿದ್ದವರಿಗೆ ತಾಲ್ಲೂಕಿನ ದಾರಿ ತೆರೆಯಿತು. ಆದರೆ ಕಾಲೇಜು ಬಿಟ್ಟ ಮೇಲೆ ಲೈಬ್ರರಿಯಲ್ಲಿ ಒಂದು ಗಂಟೆ ಕೂರೋಣ ಎಂದರೆ ಕೊನೇ ಬಸ್ಸು ಹೊರಟುಹೋಗಿರುತ್ತದೆ. ಹತ್ತು ನಿಮಿಷ ತಡವಾದರೆ ಸಾಕು, ಕಟ್ಟೆಯ ಮೇಲೆ ಕೂತ ನಾಲಗೆಗಳು ಅವಳ ಮದುವೆ ಮಾಡಿಯೇ ಬಿಡುತ್ತವೆ.

ನಮ್ಮ ಜೊತೆ ಹತ್ತನೇ ತರಗತಿವರೆಗೆ ಓದಿದ ಗೆಳೆಯನೊಬ್ಬನಿದ್ದಾನೆ. ಹೆಸರು ಬೇಡ. ಕಬಡ್ಡಿಯಲ್ಲಿ ರೈಡಿಗೆ ಹೋದರೆ ಒಬ್ಬರನ್ನಾದರೂ ಮುಟ್ಟದೆ ವಾಪಸು ಬಂದವನಲ್ಲ. ಒಂದು ವರ್ಷ ಊರ ಹಬ್ಬಕ್ಕೆ ಪಂದ್ಯ ಇಟ್ಟರು. ಊರಿನದೊಂದು ಟೀಮು, ಕೇರಿಯದೊಂದು ಟೀಮು, ಸುತ್ತ ಹಳ್ಳಿಯವು ನಾಲ್ಕು. ಕೊನೆಗೆ ಊರೂ ಕೇರಿಯೂ ಎದುರುಬದುರಾಗುವ ಆಟ ಬಂತು. ಆಗ ಹಿರಿಯರೆನ್ನಿಸಿಕೊಂಡವರು 'ಕತ್ತಲಾಯ್ತು, ಆಟ ಸಾಕು' ಎಂದರು. ಸೂರ್ಯ ಇನ್ನೂ ತೆಂಗಿನಮರದ ಮೇಲಿದ್ದ. ಕಬಡ್ಡಿ ಮುಟ್ಟಿ ಗೆಲ್ಲುವ ಆಟ. ಮುಟ್ಟದೆ ಆಡೋಕಾಗಲ್ಲವಲ್ಲ!

ಅಂದಿನಿಂದ ಅವನು ಬಯಲಿನ ಕಡೆ ಹೋಗಲಿಲ್ಲ. ಸಂಜೆ ಹೊತ್ತು ರಸ್ತೆಯ ಮೋರಿಕಟ್ಟೆ ಮೇಲೆ ಕೂರತೊಡಗಿದ. ಮೋರಿಕಟ್ಟೆಯಿಂದ ವೈನ್ಸ್ ಅಂಗಡಿಗೆ ಇಪ್ಪತ್ತು ಮಾರು. ಇವತ್ತು ಅವನಿಗೆ ಇಪ್ಪತ್ನಾಲ್ಕು ವರ್ಷ. ಒಂದು ಮೂಟೆ ಸಿಮೆಂಟು ಎತ್ತಿದರೆ ಕೈ ನಡುಗುತ್ತದೆ. ನಾವು ಊರಿಗೆ ಹೋದಾಗ ಅವನ ಅವ್ವ ಅಡ್ಡ ನಿಂತು ಕೇಳುತ್ತಾಳೆ: 'ನೀವೆಲ್ಲ ಓದ್ಕಂಡ್ರಿ ಕಣಪ್ಪ. ನನ್ ಮಗನ್ನ ಯಾಕ್ ಬುಟ್ ಹೋದ್ರಿ?'

ದಾರಿ ತಪ್ಪಿದ್ದು ಯಾರು, ಹೇಳಿ ಮುಖ್ಯ ಅತಿಥಿಗಳೇ? ಇವನಿಗೆ ದಾರಿಯೇ ಇರಲಿಲ್ಲ. ಇದ್ದದ್ದು ಮೋರಿಕಟ್ಟೆ.

ಸಾರಾಯಿ 2007ರಲ್ಲಿ ನಿಂತಿತು. ನಮ್ಮ ಅವ್ವಂದಿರು ಎಲ್ಲಮ್ಮನಿಗೆ ಹಣ್ಣುಕಾಯಿ ಮಾಡಿಸಿದರು. ಆಮೇಲೆ ರಟ್ಟಿನ ಪಾಕೀಟು ಬಂತು, ಕೇರಿಯ ಪೆಟ್ಟಿ ಅಂಗಡಿಯೊಳಗೇ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದ ದುಡ್ಡಿಗೆ ಗುರಿ ಇಟ್ಟರು: 40,000 ಕೋಟಿ ರೂಪಾಯಿ. ಕುಡಿಸುವುದಕ್ಕೆ ಗುರಿ ಇದೆ. ಇಷ್ಟು ಕೇರಿಗೆ ಇಷ್ಟು ಆಟದ ಬಯಲು, ಇಷ್ಟು ಹುಡುಗಿಯರಿಗೆ ಇಷ್ಟು ಓದುವ ಕೋಣೆ ಎಂಬ ಗುರಿ ಎಲ್ಲಿದೆ? ಒಂದು ಕೈಯಲ್ಲಿ ಲೋಟ ತುಂಬಿಸಿ, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಕುಡಿಯಬೇಡಿ ಅನ್ನುವ ಈ ನಾಟಕಕ್ಕೆ ಚಪ್ಪಾಳೆ ಬೇರೆ ಹೊಡೆಯಬೇಕೆ?

ಇನ್ನೊಂದು ಮಾತು. ಜಾಗ ಇಲ್ಲದ ಹುಡುಗ ಜಾಗ ಕೊಟ್ಟವರ ಹಿಂದೆ ಹೋಗುತ್ತಾನೆ. ಎಲೆಕ್ಷನ್ ಬಂದರೆ ಪೆಟ್ರೋಲು ಕೊಟ್ಟು ಬಿರಿಯಾನಿ ಕೊಟ್ಟು ಬೈಕಿನ ಮೇಲೆ ಜಾಗ ಕೊಡುವವರಿದ್ದಾರೆ. ಹೆಗಲಿಗೆ ಶಾಲು ಹಾಕಿ, ಹಣೆಗೆ ಕುಂಕುಮ ಇಟ್ಟು, ನೀನೂ ನಮ್ಮವನೇ ಎಂದು ಮೆರವಣಿಗೆಯ ಮುಂದೆ ನಿಲ್ಲಿಸುವವರಿದ್ದಾರೆ. ಕಲ್ಲು ಬಿದ್ದಾಗ ಮುಂದೆ ನಿಂತವನ ತಲೆಗೇ ಬೀಳುತ್ತದೆ, ಕೇಸೂ ಅವನ ಮೇಲೇ ಬೀಳುತ್ತದೆ. ಅವರನ್ನು ಬೈಯುವುದು ಸುಲಭ, ಬೈದಿದ್ದೇವೆ. ಆದರೆ ನಾವೇನು ಕೊಟ್ಟೆವು? ನಮ್ಮ ಸಂಘಟನೆಗಳು ಒಡೆದು ಹೋಳಾದವು. ಒಂದೊಂದು ಹೋಳಿಗೂ ಲೆಟರ್‌ಹೆಡ್ಡು ಬಂತು. ವರ್ಷಕ್ಕೊಮ್ಮೆ ಏಪ್ರಿಲ್ 14ರಂದು ನೀಲಿ ಬಾವುಟ ಕೊಟ್ಟು ಕುಣಿಸಿದೆವು. ಉಳಿದ 364 ಸಂಜೆ ಆ ಹುಡುಗ ಎಲ್ಲಿದ್ದ ಎಂದು ನಮ್ಮ ನಾಯಕರು ಕೇಳಲಿಲ್ಲ. ನಾವೂ ಕೇಳಲಿಲ್ಲ.

*

ಬಾಬಾಸಾಹೇಬರು ಕೇಳಿದ್ದರು. ಯಾಕೆಂದರೆ ಅವರಿಗೆ ಆ ಸಂಜೆ ಗೊತ್ತಿತ್ತು.

ಮುಂಬೈ ಪರೇಲಿನ ಚಾಳಿನಲ್ಲಿ ಅವರಿಗಿದ್ದದ್ದೂ ಒಂದೇ ಕೋಣೆ. ತಂದೆ ರಾಮಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡರವರೆಗೆ ತಾವು ಎಚ್ಚರವಿದ್ದು, ಅವನನ್ನು ಓದಲು ಎಬ್ಬಿಸಿ ಆಮೇಲೆ ತಾವು ಮಲಗುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಹುಡುಗ ಭೀಮರಾವ್ ಎಲ್ಲಿಗೆ ಹೋಗುತ್ತಿದ್ದರು? ಚರ್ನಿ ರೋಡಿನ ಪಾರ್ಕಿಗೆ. ಅಲ್ಲಿ ಕೂತು ಓದುತ್ತಿದ್ದರು. ಅದೇ ಪಾರ್ಕಿಗೆ ಸಂಜೆ ಬರುತ್ತಿದ್ದ ಹೈಸ್ಕೂಲು ಮೇಷ್ಟರು ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಈ ಹುಡುಗನನ್ನು ಕಂಡರು, ಮಾತಾಡಿಸಿದರು, ಓದಲು ಪುಸ್ತಕ ಕೊಟ್ಟರು. 1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಮುಂದೆ ಓದಿಸಲು ಮನೆಯಲ್ಲಿ ದುಡ್ಡಿಲ್ಲದಾಗ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು.

ಗೆಳೆಯರೇ, ಇದನ್ನು ಎರಡು ಸಲ ಓದಿಕೊಳ್ಳಿ. ಬೀಗ ಹಾಕದ ಒಂದು ಜಾಗ. ಏನ್ ಓದ್ತಿದೀಯಪ್ಪ ಎಂದು ಕೇಳಿದ ಒಬ್ಬ ಹಿರಿಯ. ತಿಂಗಳು ತಿಂಗಳು ಕೈಗೆ ಬಂದ ಇಷ್ಟು ದುಡ್ಡು. ಒಂದು ನಗರ, ಒಂದು ಸಮಾಜ ತನ್ನ ಮಕ್ಕಳಿಗೆ ಕೊಡಬೇಕಾದ್ದು ಈ ಮೂರು. ನಾಲ್ಕನೆಯದಾದ ಉಪದೇಶ ಬೇಕಾಗಿಲ್ಲ. ಭೀಮರಾವ್ ಬುದ್ಧಿವಂತರಾಗಿದ್ದರು, ನಿಜ. ಆ ಪಾರ್ಕಿನ ಗೇಟು ಮುಚ್ಚಿದ್ದರೆ ಆ ಬುದ್ಧಿ ಯಾವ ಚಾಳಿನ ಮೂಲೆಯಲ್ಲಿ ಸವೆದುಹೋಗುತ್ತಿತ್ತೋ! ಹಾಗೆ ಸವೆದುಹೋದವರ ಲೆಕ್ಕ ಇಟ್ಟವರು ಯಾರು?

ಅದೇ ವ್ಯಕ್ತಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ಇಡೀ ನಗರದಲ್ಲಿ ಅವರಿಗೊಂದು ಕೋಣೆ ಹುಟ್ಟಲಿಲ್ಲ. ಪಾರ್ಸಿ ಛತ್ರದಲ್ಲಿ ಜಾತಿ ಮರೆಸಿ ಉಳಿದಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ರೈಲಿನ ಹೊತ್ತಿನವರೆಗೆ ಕಾಮಾಠಿ ಬಾಗ್ ಎಂಬ ಪಾರ್ಕಿನಲ್ಲಿ ಕೂತು ಕಾಲ ಕಳೆದರು. ಓದಿದರೆ ಜಾತಿ ಹೋಗುತ್ತದೆ ಎನ್ನುವವರು ಆ ಸಂಜೆಯನ್ನು ನೆನೆಯಲಿ.

ಇದನ್ನು ಮರೆಯದ ಕಾರಣಕ್ಕೇ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭೆ ಏನು ಮಾಡಿತು ನೋಡಿ. 1925ರಲ್ಲಿ ಸೊಲ್ಲಾಪುರದಲ್ಲಿ ಹೈಸ್ಕೂಲು ಹುಡುಗರಿಗೆ ಹಾಸ್ಟೆಲು ತೆರೆಯಿತು. ಮುಂಬೈಯಲ್ಲಿ ಬಿಟ್ಟಿ ವಾಚನಾಲಯ ನಡೆಸಿತು. ಹಾಕಿ ಕ್ಲಬ್ಬು ನಡೆಸಿತು. ಹೌದು, ಹಾಕಿ! ಕೇರಿಯ ಹುಡುಗರು ಜೂಜು, ಕುಡಿತಕ್ಕೆ ಬೀಳದಿರಲಿ ಎಂದು ಕೈಗೆ ಹಾಕಿ ಕೋಲು ಕೊಟ್ಟಿತು. ಮಹಾಡಿನ ಕೆರೆಗೆ ಹೋಗುವ ಮೊದಲೇ, 1927ಕ್ಕೂ ಮೊದಲೇ, ನಡೆದ ಕೆಲಸ ಇದು. ಹೋರಾಟಕ್ಕೆ ದೇಹ ಬೇಕು, ದೇಹಕ್ಕೆ ಬಯಲು ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಬಯಲಿನ ಮಾತು ಬಂದಾಗ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಳವಂಕರ ಬಾಲೂ ನೆನಪಾಗಬೇಕು. ಚಮ್ಮಾರರ ಮಗ. ಪುಣೆಯ ಕ್ಲಬ್ಬಿನಲ್ಲಿ ಪಿಚ್ಚು ಸಮ ಮಾಡುತ್ತಿದ್ದವರು ಈ ದೇಶದ ದೊಡ್ಡ ಸ್ಪಿನ್ ಬೌಲರ್ ಆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಕಿತ್ತರು. ಆದರೂ ಪುಣೆಯಲ್ಲಿ ಟೀ ಕೊಟ್ಟದ್ದು ಹೊರಗೆ, ಬೇರೆ ಕುಡಿಕೆಯಲ್ಲಿ. ಎಸೆದ ಚೆಂಡು ಮುಟ್ಟಬಹುದು, ಕುಡಿದ ಲೋಟ ಮುಟ್ಟಬಾರದು! ಹಿಂದೂ ತಂಡಕ್ಕೆ ಅವರನ್ನು ಕ್ಯಾಪ್ಟನ್ ಮಾಡಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲ ಕ್ಯಾಪ್ಟನ್ ಆಗುವವರೆಗೆ ಆ ಮನೆ ಕಾಯಬೇಕಾಯಿತು. ನಮ್ಮ ಊರಿನಲ್ಲಿ ಸೂರ್ಯ ಇದ್ದಂತೆಯೇ ಕತ್ತಲಾದದ್ದು ಹೊಸದೇನಲ್ಲ.

*

ನಾವು ಪದವೀಧರರಾದೆವು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ನಮ್ಮದೇ. ಊರಿನವರು 'ಜಾಣ್ರು ಕಣಯ್ಯ' ಅನ್ನುತ್ತಾರೆ. ಸುಳ್ಳು. ಕಬಡ್ಡಿ ಆಡುತ್ತಿದ್ದ ಗೆಳೆಯ ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದ. ಆ ವರ್ಷ ಹಾಸ್ಟೆಲಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನಮ್ಮ ಹೆಸರಿತ್ತು, ಅವನ ಹೆಸರಿರಲಿಲ್ಲ. ಸೀಟು ಭರ್ತಿಯಾಗಿದೆ ಎಂದರು. ನಮಗೂ ಅವನಿಗೂ ಇರುವ ವ್ಯತ್ಯಾಸ ಒಂದು ಕಬ್ಬಿಣದ ಮಂಚ. ಅವನ ಅವ್ವನಿಗೆ ಕೊಡಬೇಕಾದ ಉತ್ತರ ಇದೇ, ಆದರೆ ಹೇಳಲು ನಾಲಗೆ ಏಳುವುದಿಲ್ಲ.

ಹಾಸ್ಟೆಲು ಸ್ವರ್ಗವಾಗಿರಲಿಲ್ಲ. ಬೇಳೆ ಹುಡುಕಿದರೂ ಸಿಗದ ಸಾರು, ನೂರು ಜನಕ್ಕೆ ನಾಲ್ಕು ಕಕ್ಕಸು, ಮಳೆ ಬಂದರೆ ಸೋರುವ ಸೂರು. ಗಾಜಿನ ಬೀರುವಿನಲ್ಲಿ ಪುಸ್ತಕಗಳಿದ್ದವು. ಕೀಲಿ ವಾರ್ಡನ್ನರ ಜೇಬಿನಲ್ಲಿತ್ತು. 'ಕಳ್ದೋದ್ರೆ ಯಾರ್ ಜವಾಬ್ದಾರಿ?' ಹುಡುಗಿಯರ ಹಾಸ್ಟೆಲಿನಲ್ಲಿ ಆರು ಗಂಟೆಗೆ ಗೇಟು. 'ಎಸ್ಸಿ ಎಸ್ಟಿ ಹಾಸ್ಟೆಲ್' ಎಂಬುದೇ ಪೇಟೆಯವರ ಬಾಯಲ್ಲಿ ಬೈಗುಳ. ಆದರೂ ಅದು ಜಾಗವಾಗಿತ್ತು. ಊಟವಾದ ಮೇಲೆ ಬೆಂಚು ಸರಿಸಿ ಕೂತರೆ ಸೀನಿಯರ್ ಅಣ್ಣನೊಬ್ಬ ಪೇಪರು ಗಟ್ಟಿಯಾಗಿ ಓದುತ್ತಿದ್ದ. ಬೆಲ್ಚಿ, ಕಂಬಾಲಪಲ್ಲಿ, ಖೈರ್ಲಾಂಜಿ ಎಂಬ ಹೆಸರುಗಳನ್ನು ನಾವು ಕೇಳಿದ್ದು ಪಾಠದಲ್ಲಲ್ಲ, ಆ ಬೆಂಚಿನ ಮೇಲೆ. ನಮ್ಮಲ್ಲಿ ಕವಿತೆ ಬರೆಯುವವರು ಮೊದಲ ಕವಿತೆ ಓದಿದ್ದೂ ಅಲ್ಲೇ. ಅವಮಾನ ನನಗೊಬ್ಬನಿಗೇ ಆದದ್ದಲ್ಲ ಎಂದು ಗೊತ್ತಾದ ದಿನ ನಾನು ಎಂಬುದು ನಾವು ಆಯಿತು.

ಹಾಸ್ಟೆಲು ಏನು ಮಾಡುತ್ತದೆಂದು ನಮಗಿಂತ ಚೆನ್ನಾಗಿ ನಮ್ಮನ್ನು ಸಹಿಸದವರಿಗೆ ಗೊತ್ತಿದೆ. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ಸಿಟ್ಟಾದವರು ಉತ್ತರ ಬರೆಯುವ ಬದಲು ದಲಿತ ಹುಡುಗರ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಬಿದ್ದರು. ಏಟು ತಿಂದವರು ಸುಮ್ಮನಾಗಲಿಲ್ಲ. ಅಲ್ಲಿಂದ ಎದ್ದವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಅದರ ಬೆನ್ನಿಗೂ ನಿಂತರು. ಇನ್ನು ಹೈದರಾಬಾದ್ ವಿಶ್ವವಿದ್ಯಾಲಯ. ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳು 2016ರ ಜನವರಿಯ ಚಳಿಯಲ್ಲಿ ಬಯಲಲ್ಲಿ ಗುಡಾರ ಹಾಕಿ ಮಲಗಿದರು. ಅದಕ್ಕೆ 'ವೆಲಿವಾಡ' ಎಂದು ಹೆಸರಿಟ್ಟರು, ಊರಾಚೆಯ ಕೇರಿ ಎಂದು. ಆ ಐವರಲ್ಲಿ ಒಬ್ಬ ರೋಹಿತ್ ವೇಮುಲ. ಆ ತಿಂಗಳು 17ಕ್ಕೆ ಅವನು ಇಲ್ಲವಾದ. ಮಂಚ ಕಿತ್ತುಕೊಳ್ಳುವುದೆಂದರೆ ಬರೀ ಮಂಚ ಕಿತ್ತುಕೊಳ್ಳುವುದಲ್ಲ ಸ್ವಾಮಿ.

*

ಡಿಗ್ರಿ ಹಿಡಿದು ಬೆಂಗಳೂರಿಗೆ ಬಂದೆವು. ನಗರದಲ್ಲಿ ಜಾತಿ ಇಲ್ಲ ಎಂದು ಓದಿದ್ದೆವು. 'ಟು ಲೆಟ್' ಬೋರ್ಡಿನ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬುದನ್ನೂ ಓದಿದೆವು. ನಮ್ಮ ಅಕ್ಕತಂಗಿಯರು ಗಾರ್ಮೆಂಟ್ಸಿನಲ್ಲಿ ದುಡಿದು ಒಂದು ಕೋಣೆಯಲ್ಲಿ ಐದು ಜನ ಮಲಗುತ್ತಾರೆ. ತಮ್ಮಂದಿರು ಬೈಕಿನ ಮೇಲೆ ಅನ್ನ ಹೊತ್ತು ಮನೆ ಮನೆಗೆ ಮುಟ್ಟಿಸುತ್ತಾರೆ. ಎರಡು ಆರ್ಡರಿನ ನಡುವೆ ಕೂರುವುದು ಫುಟ್‌ಪಾತಿನ ಅಂಚಿನಲ್ಲಿ. ಭಾನುವಾರ ಸಂಜೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಪಾರ್ಕಿನಲ್ಲಿ 'ಆಟ ಆಡಬಾರದು, ಹುಲ್ಲಿನ ಮೇಲೆ ಕೂರಬಾರದು' ಎಂಬ ಬೋರ್ಡು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕು ತೆರೆದಿರಬೇಕೆಂದು 2024ರಲ್ಲಿ ಆದೇಶ ಬಂತು. ಗೇಟು ತೆರೆಯಿತು, ಆದರೆ ವಾಚ್‌ಮನ್ನಿನ ಕಣ್ಣು ಇನ್ನೂ ನಮ್ಮ ಚಪ್ಪಲಿಯ ಮೇಲೇ ಇದೆ. ಆಟದ ಬಯಲುಗಳಿಗೆ ಬಲೆ ಕಟ್ಟಿ, ಪ್ಲಾಸ್ಟಿಕ್ ಹುಲ್ಲು ಹಾಸಿ 'ಟರ್ಫ್' ಎಂದು ಬಾಡಿಗೆಗೆ ಬಿಟ್ಟಿದ್ದಾರೆ. ಒಂದು ಗಂಟೆಯ ಬಾಡಿಗೆ ನಮ್ಮಪ್ಪನ ಒಂದು ದಿನದ ಕೂಲಿಗಿಂತ ಹೆಚ್ಚು.

2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ವಸತಿಯ ಜಾಗವನ್ನು ಬುಲ್ಡೋಜರ್ ತಂದು ತೆರವು ಮಾಡಿದರು. ಸುಮಾರು 1,500 ಕುಟುಂಬಗಳು ಬೀದಿಗೆ ಬಂದವು. ಆ ನೆಲದ ಅರ್ಧದಲ್ಲಿ ಮಾಲ್ ಕಟ್ಟುವ ಒಪ್ಪಂದವಾಗಿತ್ತು. ಶಾಲಾ ವರ್ಷದ ನಡುವೆ, ಪರೀಕ್ಷೆ ಹತ್ತಿರವಿದ್ದಾಗ, ಮಕ್ಕಳು ಪುಸ್ತಕದ ಚೀಲ ತಲೆಗಿಟ್ಟುಕೊಂಡು ಫುಟ್‌ಪಾತಿನಲ್ಲಿ ಮಲಗಿದರು. ಆ ಮಕ್ಕಳೂ ಈಗ ಯುವಜನರಾಗಿರಬೇಕು. ಯಾವ ಜನವರಿ 12ರ ಸಭೆಯಲ್ಲಿ ಕೂತು ಯಾರಿಂದ ಬುದ್ಧಿವಾದ ಕೇಳುತ್ತಿದ್ದಾರೋ!

ಕಾನೂನಿಗೇನೂ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಬಯಲಿರಬೇಕು, ಗ್ರಂಥಾಲಯವಿರಬೇಕು ಎನ್ನುತ್ತದೆ. ಪಾರ್ಕು, ಬಯಲು ಉಳಿಸಬೇಕೆಂದು 1985ರ ಕಾಯಿದೆ ಇದೆ. 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಪುಸ್ತಕಕ್ಕೆಂದೇ ವಸೂಲಾಗುತ್ತದೆ. ಬೆಂಗಳೂರಿನ ಪಾಲಿಕೆ ಆ ದುಡ್ಡನ್ನು ಜನರಿಂದ ವಸೂಲು ಮಾಡಿ, ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿತು. 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದವು. ಐದಕ್ಕೂ ನಮ್ಮ ಪ್ರಶ್ನೆ ಒಂದೇ: ನಮ್ಮ ಆರು ಪೈಸೆ ಎಲ್ಲಿ? ಪರಿಶಿಷ್ಟರ ಪಾಲಿನ ದುಡ್ಡು ಪರಿಶಿಷ್ಟರಿಗೇ ಎಂದು 2013ರಲ್ಲಿ ಕಾಯಿದೆಯಾಯಿತು. ಅದರ 7ಡಿ ಎಂಬ ಕಳ್ಳಗಿಂಡಿಯಿಂದ ದುಡ್ಡು ಸೋರಿತು. 2023ರಲ್ಲಿ ಅದನ್ನು ಮುಚ್ಚಿದರು. ಅದೇ ವರ್ಷ 11,000 ಕೋಟಿಗೂ ಹೆಚ್ಚು ದುಡ್ಡನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದುಕೊಂಡರು. ಗ್ಯಾರಂಟಿ ಬೇಡವೆನ್ನುವವರು ನಾವಲ್ಲ, ನಮ್ಮ ಅವ್ವಂದಿರ ಕೈಗೂ ಅದು ಬರುತ್ತದೆ. ಆದರೆ ಎಲ್ಲರಿಗೂ ಬಡಿಸುವ ಅನ್ನವನ್ನು ನಮ್ಮ ತಟ್ಟೆಯಿಂದಲೇ ಯಾಕೆ ತೆಗೆಯುತ್ತೀರಿ? ಆ ದುಡ್ಡಿನಲ್ಲಿ ಎಷ್ಟು ಮಂಚ ಬರುತ್ತಿದ್ದವು?

*

ಆದದ್ದನ್ನು ಆಯಿತು ಎನ್ನಬೇಕು. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಶುರುವಾಯಿತು, ಮಕ್ಕಳಿಗೆ ಸದಸ್ಯತ್ವ ಬಿಟ್ಟಿಯಾಯಿತು. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ನಮ್ಮ ಎಷ್ಟೋ ಮಕ್ಕಳು ಮೊದಲ ಸಲ ಬಣ್ಣದ ಪುಸ್ತಕ ಮುಟ್ಟಿದ್ದು ಅಲ್ಲಿಯೇ. ಆದರೆ ಆ ಕಟ್ಟಡ ಊರ ನಡುವೆ ಇದೆ. ಬಾಗಿಲು ಸರ್ಕಾರದ್ದು, ಹೋಗುವ ಬೀದಿ ಊರಿನದು. ಕೇರಿಯ ಹುಡುಗಿ ಆ ಬೀದಿ ದಾಟಿ ಹೋಗಿ ಕತ್ತಲಾಗುವ ಮುಂಚೆ ವಾಪಸು ಬರಬೇಕು.

ಕೇರಿಯಲ್ಲೇ ಕಟ್ಟಡ ಇಲ್ಲವೇ? ಇದೆ! ಅಂಬೇಡ್ಕರ್ ಭವನ ಇದೆ, ಸಮುದಾಯ ಭವನ ಇದೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹನ್ನೆರಡು ಹೆಸರಿವೆ. ಬಾಗಿಲಿಗೆ ಬೀಗ ಇದೆ. ನಮ್ಮ ಕೇರಿಯ ಭವನದ ಕೀಲಿ ಕೇಳಲು ಹೋದೆವು. ಮೆಂಬರು 'ಕಂಟ್ರಾಕ್ಟರ ಹತ್ರ ಅದೆ' ಎಂದ. ಕಂಟ್ರಾಕ್ಟರು 'ಪಿಡಿಒಗೆ ಕೊಟ್ಟಿವ್ನಿ' ಎಂದ. ಪಿಡಿಒ 'ಮೆಂಬರ್ರನ್ನ ಕೇಳಿ' ಎಂದರು. ಮೂರು ತಿಂಗಳು ಹೀಗೇ ಸುತ್ತಿದೆವು. ಕೊನೆಗೆ ಗ್ರಾಮಸಭೆಗೆ ನಮ್ಮ ಅವ್ವಂದಿರು ಬಂದರು. ಕೂಲಿ ಬಿಟ್ಟು ಇಪ್ಪತ್ತು ಜನ ನೆಲದ ಮೇಲೆ ಕೂತರು. ಕಬಡ್ಡಿ ಆಡುತ್ತಿದ್ದ ಗೆಳೆಯನ ಅವ್ವ ಎದ್ದು 'ಅಂಬೇಡ್ಕರಪ್ಪನ್ನ ಒಳಕ್ ಹಾಕಿ ಬೀಗ ಜಡ್ದಿದ್ದೀರಲ್ಲ, ಅವರೇನ್ ತಪ್ ಮಾಡಿದ್ರು?' ಎಂದಳು. ಮೂರು ತಿಂಗಳು ಸಿಗದ ಕೀಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಸಿಕ್ಕಿತು.

ಒಳಗೆ ಸಿಮೆಂಟಿನ ಖಾಲಿ ಚೀಲ, ಶಾಮಿಯಾನದ ಗಳ, ಹಳೇ ಎಲೆಕ್ಷನ್ನಿನ ಬ್ಯಾನರು. ಒಂದು ದಿನ ಪೂರ್ತಿ ಗುಡಿಸಿದೆವು. ಈಗ ಸಂಜೆ ಐದರಿಂದ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ. ಎರಡು ಬಲ್ಬು, ನಾಲ್ಕು ಚಾಪೆ, ಎರಡು ಪೇಪರು, ಒಂದು ಕೇರಂ ಬೋರ್ಡು. ಐದರಿಂದ ಏಳು ಹುಡುಗಿಯರದ್ದು, ಬಾಗಿಲಲ್ಲಿ ಇಬ್ಬರು ಅಜ್ಜಿಯರು ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಹೈಸ್ಕೂಲಿನ ಮೇಡಮ್ಮು ವಾರಕ್ಕೆರಡು ದಿನ ಬಂದು ಲೆಕ್ಕ ಹೇಳಿಕೊಡುತ್ತಾರೆ. ದೊಡ್ಡ ಕ್ರಾಂತಿ ಇದಲ್ಲ. ಕರೆಂಟು ಬಿಲ್ಲು ಯಾರು ಕಟ್ಟಬೇಕೆಂದು ಇನ್ನೂ ಜಗಳ ಇದೆ. ಊರಿನ ಇಬ್ಬರು ಹುಡುಗರು ಬರುತ್ತಿದ್ದರು, ಮನೆಯಲ್ಲಿ ಏನೆಂದರೋ, ನಿಂತರು.

ಒಂದು ಸಂಜೆ ಆ ಗೆಳೆಯ ಬಂದ. ಕುಡಿದಿರಲಿಲ್ಲ. ತಲೆ ಬಾಚಿದ್ದ. ಹೊಸ್ತಿಲಲ್ಲಿ ನಿಂತು 'ಒಳಗ್ ಬರ್ಲಾ?' ಎಂದು ಕೇಳಿದ. ತನ್ನದೇ ಕೇರಿಯಲ್ಲಿ, ತನ್ನ ಹೆತ್ತವ್ವ ಬೀಗ ತೆಗೆಸಿದ ಮನೆಯ ಮುಂದೆ, ಅವನು ಅಪ್ಪಣೆ ಕೇಳಿದ. ಇಪ್ಪತ್ನಾಲ್ಕು ವರ್ಷ ಈ ಸಮಾಜ ಅವನಿಗೆ ಕಲಿಸಿದ್ದು ಅದೊಂದೇ.

ಆದ್ದರಿಂದ ನಮ್ಮ ಮಾತು ಇಷ್ಟು. ಪಂಚಾಯಿತಿಯವರೇ, ಭವನಗಳ ಬೀಗ ತೆಗೆಯಿರಿ, ಕರೆಂಟು ಬಿಲ್ಲು ಕಟ್ಟಿ. ಸರ್ಕಾರವೇ, ಅರ್ಜಿ ಹಾಕಿದ ಪ್ರತಿ ಹುಡುಗ ಹುಡುಗಿಗೂ ಹಾಸ್ಟೆಲಿನಲ್ಲಿ ಮಂಚ ಕೊಡಿ, ನಮ್ಮ ಪಾಲಿನ ದುಡ್ಡು ಮುಟ್ಟಬೇಡಿ. ಪಾಲಿಕೆಗಳೇ, ಆರು ಪೈಸೆಯ ಲೆಕ್ಕ ಕೊಡಿ, ಬಯಲುಗಳಿಗೆ ಕಟ್ಟಿದ ಬಲೆ ಬಿಚ್ಚಿ. ಸಂಜೆ ಆರರ ಮೇಲೆ ಹುಡುಗಿಯರಿಗೆ ಬಸ್ಸು ಬಿಡಿ, ಬೀದಿಗೆ ದೀಪ ಹಾಕಿ. ಇದು ಭಿಕ್ಷೆಯಲ್ಲ, ಬಾಕಿ.

ಹಳ್ಳಿಯ ಮೇಷ್ಟರುಗಳೇ, ಮೇಡಂಗಳೇ, ನಿಮಗೆ ಬೇರೆ ಮಾತು. ಕೆಳುಸ್ಕರರು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಸಂಜೆ ಪಾರ್ಕಿನಲ್ಲಿ ಒಬ್ಬ ಹುಡುಗನನ್ನು ಮಾತಾಡಿಸಿದರು. ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತುವ ಮುಂಚೆ ಅರ್ಧ ಗಂಟೆ ನಿಲ್ಲಿ. ಮೋರಿಕಟ್ಟೆಯ ಮೇಲೆ ಕೂತವನನ್ನು ಮಾತಾಡಿಸಿ.

ಗೆಳೆಯರೇ, ಓದಿ ಹೊರಟುಹೋದವರೇ, ನಮಗೂ ನಿಮಗೂ ಸೇರಿ ಒಂದು ಮಾತು. ಆ ಅವ್ವ ಕೇಳಿದ್ದು ಸರ್ಕಾರವನ್ನಲ್ಲ, ನಮ್ಮನ್ನು. ಮುಂದಿನ ಜನವರಿ 12ಕ್ಕೆ ನಾವು ಕುರ್ಚಿ ಹೊರುವುದಿಲ್ಲ. ಅವತ್ತು ಸಂಜೆ ಐದಕ್ಕೆ ನಿಮ್ಮ ನಿಮ್ಮ ಕೇರಿಯ ಭವನದ ಮುಂದೆ ಸೇರಿ. ಬೀಗ ಹಾಕಿದ್ದರೆ ಕೀಲಿ ಕೇಳಿ. ಕೊಡದಿದ್ದರೆ ಅವ್ವಂದಿರನ್ನು ಕರೆಯಿರಿ.